ಉದ್ದನೆಯ ಮೂರನೇ ಪಿನ್ನು

ಫೋನ್ ಬಂದಾಗ ರಾತ್ರಿ ಎಂಟೂವರೆ ಆಗಿತ್ತು. ಸಿದ್ದಾಪುರ ಕಡೆಯ ಗಿರಾಕಿ.

"ಭಾವಾ, ನಿನ್ನ ಮಷೀನು ಮುಟ್ಟಿರೆ ಜುಂ ಹೇಳ್ತು. ಬಂದ್ ಮಾಡಿ ಇಟ್ಟಿದ್ದಿ. ನಾಳೆ ಬಂದು ನೋಡವು."

ನಾನು ಶಿರಸಿಯಲ್ಲಿ ಸಣ್ಣದೊಂದು ವರ್ಕ್‌ಶಾಪ್ ಇಟ್ಟುಕೊಂಡಿದ್ದೇನೆ. ಅಡಿಕೆ ಸುಲಿಯುವ ಯಂತ್ರ ಮಾಡುತ್ತೇನೆ. ವರ್ಷಕ್ಕೆ ಇಪ್ಪತ್ತೋ ಇಪ್ಪತ್ತೈದೋ ಹೋಗುತ್ತವೆ. ಬ್ಲೇಡು, ರೋಲರು, ಕಾಯಿ ಒಡೆಯದ ಹಾಗೆ ಸಿಪ್ಪೆ ಬಿಡಿಸುವುದು, ನನ್ನ ತಲೆ ಯಾವಾಗಲೂ ಅದರ ಮೇಲೆಯೇ ಓಡುತ್ತಿತ್ತು. ಕರೆಂಟಿನ ಭಾಗ ಎಂದರೆ ಒಂದು ಮೋಟಾರು, ಒಂದು ಸ್ವಿಚ್ಚು, ಮೂರೆಳೆಯ ವೈರು. ಅದರಲ್ಲಿ ಯೋಚಿಸುವುದು ಏನಿದೆ ಎಂದುಕೊಂಡಿದ್ದೆ. ಆ ಒಂದು ಫೋನಿನಿಂದ ನಾನು ಸುಮಾರು ಎಂಟು ತಿಂಗಳು ಓಡಾಡಿದೆ. ಅದನ್ನು ಬರೆದಿಡಬೇಕು ಅನ್ನಿಸಿದೆ. ನನ್ನ ಹಾಗೆ ಸಣ್ಣ ಯಂತ್ರ ಮಾಡುವವರು ನಮ್ಮ ಜಿಲ್ಲೆಯಲ್ಲಿ ಬೇಕಾದಷ್ಟು ಜನ ಇದ್ದಾರೆ.

ಬೆಳಿಗ್ಗೆ ವೈರ್‌ಮನ್ ಒಬ್ಬರನ್ನು ಕರೆದುಕೊಂಡು ಹೋದೆ. ಮನೆಯ ಅಕ್ಕ ಅಂಗಳದಲ್ಲಿ ಹಸಿ ಕಾಯಿ ರಾಶಿ ಹಾಕಿಕೊಂಡು ಮೆಟ್ಟುಗತ್ತಿಯಲ್ಲಿ ಸುಲಿಯುತ್ತಿದ್ದರು. ಹಿಂದಿನ ದಿನ ಬರಿಗಾಲಲ್ಲಿ, ಒದ್ದೆ ಅಂಗಳದಲ್ಲಿ ನಿಂತು ಯಂತ್ರದ ಬಾಯಿಗೆ ಕಾಯಿ ಸುರಿಯುವಾಗ ಕೈ ಹಿಡಿದು ಎಳೆದ ಹಾಗಾಯಿತಂತೆ. ಬುಟ್ಟಿ ಬಿಟ್ಟು ಹಿಂದೆ ಬಿದ್ದದ್ದರಿಂದ ಉಳಿದರು. ಅದನ್ನು ಅವರು ನಗುತ್ತಲೇ ಹೇಳಿದರು. ನನಗೆ ನಗಲು ಆಗಲಿಲ್ಲ.

ಮೊದಲು ಕಂಡದ್ದು ಪ್ಲಗ್. ಪ್ಲಗ್ಗೇ ಇರಲಿಲ್ಲ. ನಾನು ಕೊಟ್ಟ 16 ಆಂಪಿಯರಿನ ಮೂರು ಪಿನ್ನಿನ ಪ್ಲಗ್ ಅವರ ಜಗುಲಿಯ ಬೋರ್ಡಿಗೆ ಹೋಗುತ್ತಿರಲಿಲ್ಲ. ಅದಕ್ಕೇ ಕತ್ತರಿಸಿ ತೆಗೆದು, ಎರಡು ವೈರಿನ ತುದಿ ಸುಲಿದು, ತೂತಿಗೆ ತುರುಕಿ, ಬೆಂಕಿಕಡ್ಡಿ ಸಿಕ್ಕಿಸಿದ್ದರು. ಹಸಿರು ವೈರನ್ನು ಮಡಚಿ ಟೇಪ್ ಸುತ್ತಿದ್ದರು. ಇದನ್ನು ನೀವೂ ನೋಡಿರುತ್ತೀರಿ ಅಲ್ವಾ?

ಎರಡನೆಯದು ಮನೆಯ ಅರ್ಥಿಂಗ್, ಅಂದರೆ ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ಏರ್ಪಾಡು. ವೈರ್‌ಮನ್ ಮೊದಲು 100 ವ್ಯಾಟಿನ ಬಲ್ಬಿನಲ್ಲಿ ನೋಡಿದರು. ಫೇಸಿಗೂ ಅರ್ಥಿಗೂ ನಡುವೆ ಹಿಡಿದರೆ ಬಲ್ಬ್ ಪೂರ್ತಿ ಉರಿಯಬೇಕು. ಅದು ಮಂಕಾಗಿ ಹಳದಿಯಾಗಿ ಉರಿಯಿತು. (ಇದು ನಮ್ಮ ಕಡೆಯ ಹಳೆಯ ಪದ್ಧತಿ. ಕೆಲಸ ಬಲ್ಲವರು ಮಾತ್ರ ಮಾಡಬೇಕು, ಆ ಕ್ಷಣ ಮನೆಯ ಅರ್ಥ್ ವೈರಿಗೇ ಕರೆಂಟ್ ಬಂದಿರುತ್ತದೆ.) ಆಮೇಲೆ ಅರ್ಥ್ ಟೆಸ್ಟರ್ ಹಚ್ಚಿ ಅಳೆದರು. 180 ಓಮ್ ತಡೆ, ತೀರಾ ಹೆಚ್ಚು. ಮನೆ ಇರುವುದು ಚಿರೆಕಲ್ಲಿನ ದಿಬ್ಬದ ಮೇಲೆ. ಮಳೆ ನಿಂತ ಮೇಲೆ ಆ ನೆಲದಲ್ಲಿ ನೀರು ನಿಲ್ಲುವುದೇ ಇಲ್ಲ. ಹತ್ತು ವರ್ಷದ ಹಿಂದೆ ಹೂತ ಪೈಪಿಗೆ ಯಾರೂ ಒಂದು ಕೊಡ ನೀರು ಹಾಕಿರಲಿಲ್ಲ.

ಮೂರನೆಯದು ನನ್ನದು. ಯಂತ್ರದ ಮುಚ್ಚಳ ತೆಗೆದೆ. ಅರ್ಥ್ ವೈರನ್ನು ಮೋಟಾರ್ ಕೂರಿಸುವ ಬೋಲ್ಟಿನ ಕೆಳಗೆ ಸಿಕ್ಕಿಸಿದ್ದೆ. ಕೆಳಗೆ ಬಣ್ಣ ಹಾಗೇ ಇತ್ತು. ಬಣ್ಣದ ಮೇಲೆ ವಾಷರು, ವಾಷರಿನ ಮೇಲೆ ವೈರು. ಅಂದರೆ ಆ ವೈರು ಫ್ರೇಮಿಗೆ ಸರಿಯಾಗಿ ತಾಗಿಯೇ ಇರಲಿಲ್ಲ. ಮೋಟಾರಿನ ಟರ್ಮಿನಲ್ ಡಬ್ಬಿಯ ಒಳಗೆ ಅಡಿಕೆ ಸಿಪ್ಪೆಯ ನಾರು ತುಂಬಿ, ತೇವ ಹಿಡಿದು, ಅಲ್ಲಿಂದ ಕರೆಂಟ್ ಫ್ರೇಮಿಗೆ ಇಳಿದಿತ್ತು.

ಗಿರಾಕಿ ಹೇಳಿದ್ದು, ಯಂತ್ರ ಸರಿ ಇಲ್ಲ. ನನ್ನ ಬಾಯಿಗೆ ಬಂದದ್ದು, ನಿಮ್ಮ ಮನೆ ವೈರಿಂಗ್ ಸರಿ ಇಲ್ಲ. ಇಬ್ಬರದ್ದೂ ನಿಜವೇ. ಆದರೆ ವಾಪಸ್ ಬರುವಾಗ ದಾರಿಯುದ್ದಕ್ಕೂ ಒಂದೇ ಪ್ರಶ್ನೆ ಕಾಡಿತು. ಯಂತ್ರ ಎಲ್ಲಿಯವರೆಗೆ ನನ್ನ ಜವಾಬ್ದಾರಿ? ಎಲ್ಲಿಂದ ಮನೆಯವರದ್ದು? ಆ ಗೆರೆಯನ್ನು ಯಾರಾದರೂ ಎಳೆದಿದ್ದಾರಾ?

ಅದನ್ನು ಕೇಳಲಿಕ್ಕೇ ಕಾರವಾರಕ್ಕೆ ಹೋದೆ. ಅಲ್ಲಿ ನನ್ನ ಸೋದರಮಾವ ಇದ್ದಾರೆ. ವಿದ್ಯುತ್ ಕೆಲಸದಲ್ಲೇ ಇದ್ದು ನಿವೃತ್ತರಾದವರು. ದೇವಿಮನೆ ಘಟ್ಟ ಇಳಿದು, ಕುಮಟೆಯಿಂದ ಹೆದ್ದಾರಿ ಹಿಡಿದು ಮನೆ ಮುಟ್ಟುವಾಗ ಮಧ್ಯಾಹ್ನ. ಊಟ ಆದ ಮೇಲೆ ಮಾವ ಎದ್ದು ಹೋಗಿ ಇಸ್ತ್ರಿ ಪೆಟ್ಟಿಗೆಯ ಪ್ಲಗ್ ಹಿಡಿದುಕೊಂಡು ಬಂದರು.

"ಮಾಣಿ, ಈ ಪಿನ್ನು ಎಂತಕ್ಕೆ ಉದ್ದ ಇದ್ದು ಗೊತ್ತಿದ್ದಾ?"

ಗೊತ್ತಿರಲಿಲ್ಲ. ದಿನಾ ಹತ್ತು ಸಲ ಮುಟ್ಟುವ ವಸ್ತು. ಮೇಲಿನ ಅರ್ಥ್ ಪಿನ್ನು ಉದ್ದ, ದಪ್ಪ. ಪ್ಲಗ್ ಹಾಕುವಾಗ ಅದು ಮೊದಲು ತಾಗುತ್ತದೆ. ತೆಗೆಯುವಾಗ ಕೊನೆಗೆ ಬಿಡುತ್ತದೆ. ಯಂತ್ರಕ್ಕೆ ಕರೆಂಟ್ ಹೋಗುವ ಮುಂಚೆ ಅರ್ಥ್ ಸೇರಿರಬೇಕು, ಕರೆಂಟ್ ಪೂರ್ತಿ ಹೋಗುವ ತನಕ ಅರ್ಥ್ ಇರಬೇಕು. ಶಟರ್ ಇರುವ ಸಾಕೆಟ್ಟಿನಲ್ಲಿ ಉಳಿದೆರಡು ತೂತಿನ ಬಾಗಿಲು ತೆರೆಸುವುದೂ ಅದೇ ಪಿನ್ನು. ಇದು ಪ್ಲಗ್ಗಿನ ಸ್ಟ್ಯಾಂಡರ್ಡ್ ಐಎಸ್ 1293ರಲ್ಲಿ ಇದೆ. ಆದರೆ ಅದರ ಬೇರು ಇರುವುದು ಮನೆಯ ವೈರಿಂಗಿನ ನಿಯಮದಲ್ಲಿ ಎಂದರು ಮಾವ. ಪ್ರತಿ ಸಾಕೆಟ್ಟಿಗೂ ಅರ್ಥ್ ಇರಬೇಕು ಎಂದು ವೈರಿಂಗ್ ಸಂಹಿತೆ ಹೇಳುತ್ತದೆ. ಆ ಅರ್ಥ್ ಸುಮ್ನೆ ಗೋಡೆಯಲ್ಲಿ ಇದ್ದರೆ ಉಪಯೋಗ ಇಲ್ಲ. ಅದು ಯಂತ್ರದ ಮೈಗೆ ಮುಟ್ಟಬೇಕು. ಹಾಗೆ ಮುಟ್ಟಿಸುವ ಸೇತುವೆಯೇ ಈ ಪಿನ್ನು.

6 ಆಂಪಿಯರಿನ ತೂತು ಸಣ್ಣದು, 16ರದ್ದು ದೊಡ್ಡದು ಯಾಕೆ ಎಂಬುದಕ್ಕೂ ಉತ್ತರ ಗೋಡೆಯ ಒಳಗೇ ಇದೆ. ಸಣ್ಣ ಸಾಕೆಟ್ಟಿನ ಹಿಂದೆ ಸಾಮಾನ್ಯವಾಗಿ 1.5 ಚದರ ಮಿಲಿಮೀಟರಿನ ತೆಳು ವೈರ್ ಇರುತ್ತದೆ. ದೊಡ್ಡದರ ಹಿಂದೆ 2.5 ಅಥವಾ 4. ದೊಡ್ಡ ಯಂತ್ರದ ಪ್ಲಗ್ ತೆಳು ವೈರಿನ ಸಾಕೆಟ್ಟಿಗೆ ಹೋಗಲೇಬಾರದು ಎಂದು ಪಿನ್ನಿನ ಗಾತ್ರವೇ ತಡೆಯುತ್ತದೆ. ಸಿದ್ದಾಪುರದ ಮನೆಯ ಬೋರ್ಡು ನನ್ನ ಪ್ಲಗ್ಗನ್ನು ಒಳಗೆ ಬಿಡದೆ ತನ್ನ ಕೆಲಸ ಸರಿಯಾಗಿಯೇ ಮಾಡಿತ್ತು. ನಾವು ಅದನ್ನು ತೊಂದರೆ ಎಂದುಕೊಂಡು ಕತ್ತರಿ ಹಾಕಿದ್ದೆವು.

ಮಾವನ ಕಪಾಟಿನಲ್ಲಿ 1956ರ ಭಾರತೀಯ ವಿದ್ಯುತ್ ನಿಯಮಗಳ ಹಳೆಯ ಪ್ರತಿ ಇತ್ತು. ಅವುಗಳ ಜಾಗಕ್ಕೆ 2010ರಲ್ಲಿ ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳು ಬಂದವು, ಅವು 2023ರಲ್ಲಿ ಮತ್ತೆ ಹೊಸದಾದವು. ಮಾವ ಹಳೆಯದರಲ್ಲಿ 54ನೇ ನಿಯಮ ತೆಗೆದರು. ಮನೆಗೆ ಕೊಡುವ ವೋಲ್ಟೇಜು ಹೇಳಿದ್ದಕ್ಕಿಂತ ಶೇಕಡಾ 6ಕ್ಕಿಂತ ಆಚೀಚೆ ಆಗಬಾರದು. 55ನೇ ನಿಯಮ, ಫ್ರೀಕ್ವೆನ್ಸಿ ಶೇಕಡಾ 3ಕ್ಕಿಂತ ಆಚೀಚೆ ಆಗಬಾರದು. ಆಮೇಲೆ ಹಿತ್ತಲಿಗೆ ಕರೆದುಕೊಂಡು ಹೋಗಿ ಹಳೆಯ ಪಂಪ್ ಮೋಟಾರಿನ ತಗಡಿನ ಪಟ್ಟಿ ತೋರಿಸಿದರು. ಸಮುದ್ರದ ಉಪ್ಪು ಗಾಳಿಗೆ ಅರ್ಧ ತಿಂದುಹೋಗಿತ್ತು. ಆದರೂ ಓದಬಹುದಿತ್ತು. 415 ವೋಲ್ಟ್, ಹೆಚ್ಚು ಕಡಿಮೆ ಶೇಕಡಾ 6. 50 ಹರ್ಟ್ಸ್, ಹೆಚ್ಚು ಕಡಿಮೆ ಶೇಕಡಾ 3.

ನಾನು ಆ ಪಟ್ಟಿಯ ಮುಂದೆ ಸ್ವಲ್ಪ ಹೊತ್ತು ಕೂತೇ ಬಿಟ್ಟೆ. ಇಷ್ಟು ವರ್ಷ ಮೋಟಾರ್ ಕೊಂಡಿದ್ದೇನೆ. ಅದರ ಮೇಲಿನ ಅಂಕಿ ಕಾರ್ಖಾನೆಯವರು ತಮಗೆ ಬೇಕಾದ ಹಾಗೆ ಬರೆದದ್ದು ಎಂದುಕೊಂಡಿದ್ದೆ. ಅಲ್ಲ. ಕರೆಂಟ್ ಕೊಡುವವರು ಎಷ್ಟರ ಒಳಗೆ ಕೊಡುತ್ತೇವೆ ಎಂದು ಮಾತು ಕೊಟ್ಟರೋ, ಮೋಟಾರ್ ಮಾಡುವವರು ಅಷ್ಟನ್ನು ತಡೆದುಕೊಳ್ಳುತ್ತೇವೆ ಎಂದು ಮಾತು ಕೊಟ್ಟಿದ್ದಾರೆ. ನಾನು ಹುಡುಕುತ್ತಿದ್ದ ಗೆರೆ ಇದೇ ಆಗಿತ್ತು. ಎರಡೂ ಕಡೆಯವರು ಒಂದೇ ಗೆರೆಗೆ ಬಂದು ನಿಲ್ಲುತ್ತಾರೆ.

ಮಾವ ಇನ್ನೂ ಒಂದು ಹೆಸರು ಬರೆದುಕೊಟ್ಟರು. ಅಂತರರಾಷ್ಟ್ರೀಯ ಸ್ಟ್ಯಾಂಡರ್ಡ್ ಐಇಸಿ 61140. ವಿದ್ಯುತ್ ಆಘಾತದಿಂದ ಕಾಪಾಡುವ ಬಗ್ಗೆ ಕಟ್ಟಡದ ವೈರಿಂಗಿಗೂ ಉಪಕರಣಕ್ಕೂ ಸಮಾನವಾದ ವಿಷಯಗಳು ಎಂದೇ ಅದರ ಶೀರ್ಷಿಕೆ. ಉಪಕರಣಗಳ ವರ್ಗ ಇರುವುದು ಅದರಲ್ಲಿ. ಕ್ಲಾಸ್ 1 ಎಂದರೆ ಒಳಗಿನ ಇನ್ಸುಲೇಶನ್ ಕೆಟ್ಟರೆ ಮನೆಯ ಅರ್ಥ್ ಕಾಯಬೇಕು. ಕ್ಲಾಸ್ 2 ಎಂದರೆ ಇನ್ಸುಲೇಶನ್ನೇ ಎರಡು ಪದರ, ಅರ್ಥ್ ಬೇಡ. ಡ್ರಿಲ್ ಮಷೀನಿನ ಮೇಲೆ ಚೌಕದ ಒಳಗೆ ಚೌಕ ಇರುತ್ತದಲ್ಲ, ಅದೇ ಗುರುತು. ನನ್ನ ಯಂತ್ರ ಕ್ಲಾಸ್ 1. ಅಂದರೆ ಅದು ಮನೆಯ ಅರ್ಥನ್ನು ನಂಬಿಯೇ ಹುಟ್ಟಿದ್ದು. ನಂಬಿಕೊಂಡು ಹೋದ ಮನೆಯಲ್ಲಿ ಅರ್ಥೇ ಇಲ್ಲದಿದ್ದರೆ?

ಮಾವ ಕಾಗದದ ಮೇಲೆ ಲೆಕ್ಕ ಹಾಕಿದರು. ಅರ್ಥ್ ವೈರ್ ಸರಿಯಾಗಿ ಜೋಡಿಸಿದ್ದರೂ, 230 ವೋಲ್ಟನ್ನು 180 ಓಮಿನಿಂದ ಭಾಗಿಸಿ. ಸುಮಾರು ಒಂದೂಕಾಲು ಆಂಪಿಯರ್ ಮಾತ್ರ ನೆಲಕ್ಕೆ ಹೋಗುತ್ತದೆ. 16 ಆಂಪಿಯರಿನ ಎಂಸಿಬಿಗೆ (ಕರೆಂಟ್ ಹೆಚ್ಚಾದರೆ ತಾನೇ ಬೀಳುವ ಸ್ವಿಚ್ಚಿಗೆ) ಅದು ಏನೂ ಅಲ್ಲ. ಬೀಳುವುದೇ ಇಲ್ಲ. ಯಂತ್ರದ ಮೈ ಪೂರ್ತಿ ಕರೆಂಟಿನಲ್ಲಿ ಹಾಗೇ ನಿಂತಿರುತ್ತದೆ. ನಮ್ಮ ಚಿರೆಕಲ್ಲು ನೆಲದಲ್ಲಿ ಎಂಸಿಬಿ ಒಂದನ್ನೇ ನಂಬುವ ಹಾಗಿಲ್ಲ ಎನ್ನುವುದು ಇದಕ್ಕೇ. ಅಲ್ಲಿ ಬೇಕಾದ್ದು ಸೋರಿಕೆ ಹಿಡಿಯುವ ಸಾಧನ. ನಮ್ಮ ಕಡೆ ಈಗಲೂ ಇಎಲ್‌ಸಿಬಿ ಎನ್ನುತ್ತಾರೆ, ಈಗ ಅಂಗಡಿಯಲ್ಲಿ ಸಿಗುವುದು ಆರ್‌ಸಿಸಿಬಿ. ಹೋದ ಕರೆಂಟು, ಬಂದ ಕರೆಂಟು ಎರಡನ್ನೂ ಅದು ತೂಗುತ್ತದೆ, ವ್ಯತ್ಯಾಸ ಮಿತಿ ಮೀರಿದರೆ ಬೀಳುತ್ತದೆ. ಮನೆಗಳಿಗೆ ಆ ಮಿತಿ 30 ಮಿಲಿ ಆಂಪಿಯರ್ ಮೀರಬಾರದು ಎಂದು ಸುರಕ್ಷತಾ ನಿಯಮ. ಅಪಾಯದ ಗೆರೆ ಎಂದು ಹಿಡಿಯುವ 50 ವೋಲ್ಟನ್ನು 0.03ರಿಂದ ಭಾಗಿಸಿದರೆ 1,666 ಓಮ್. ಅಂದರೆ ಅರ್ಥ್ ಅಷ್ಟು ಕೆಟ್ಟಿದ್ದರೂ, ಮೈಯ ವೋಲ್ಟೇಜು 50 ಮುಟ್ಟುವಾಗಲೇ ಅದು ಬಿದ್ದುಬಿಡುತ್ತದೆ. ಅರ್ಥ್ ಪೂರ್ತಿ ಇಲ್ಲದಿದ್ದರೆ ಯಾರಾದರೂ ಮುಟ್ಟಿದ ಮೇಲೆಯೇ ಬೀಳುತ್ತದೆ. ಅರ್ಥ್ ಇದ್ದರೆ ಮುಟ್ಟುವ ಮುಂಚೆಯೇ. ಅದಕ್ಕೇ ಎರಡೂ ಬೇಕು.

ಆ 30 ಎಂಬ ಅಂಕಿ ಯಂತ್ರ ಮಾಡುವವರ ತಲೆಯ ಮೇಲೂ ಕೂತಿದೆ. ಆರ್‌ಸಿಸಿಬಿ 30ಕ್ಕೆ ಬೀಳಲೇಬೇಕು, ಅದರ ಅರ್ಧ 15ರವರೆಗೆ ಬೀಳಬಾರದು. ನಡುವೆ ಎಲ್ಲಿ ಬೇಕಾದರೂ ಬೀಳಬಹುದು. ಒಂದು ಮನೆಯಲ್ಲಿ ಫ್ರಿಜ್ಜು, ಗ್ರೈಂಡರು, ಪಂಪು ಎಲ್ಲ ಇರುತ್ತವೆ. ಒಂದೊಂದೂ ಸ್ವಲ್ಪ ಸ್ವಲ್ಪ ಸೋರುತ್ತದೆ. ಎಲ್ಲ ಸೇರಿ 15 ದಾಟಿದರೆ ಕಾರಣವೇ ಇಲ್ಲದೆ ಬೀಳತೊಡಗುತ್ತದೆ. ಆಮೇಲೆ ಜನ ಏನು ಮಾಡುತ್ತಾರೆ ಗೊತ್ತಲ್ಲ, ಅದನ್ನು ಕಿತ್ತು ನೇರ ಜೋಡಿಸುತ್ತಾರೆ. ಹಾಗಾಗಿ ಗೃಹೋಪಯೋಗಿ ಉಪಕರಣಗಳ ಸ್ಟ್ಯಾಂಡರ್ಡ್ ಐಎಸ್ 302ರಲ್ಲಿ ಒಂದೊಂದು ಯಂತ್ರ ಎಷ್ಟು ಸೋರಬಹುದು ಎಂಬ ಮಿತಿ ತೀರಾ ಸಣ್ಣದು. ಕ್ಲಾಸ್ 1ರ ಕೈಯಲ್ಲಿ ಎತ್ತಿ ಓಡಾಡಿಸುವ ಉಪಕರಣಕ್ಕೆ 0.75 ಮಿಲಿ ಆಂಪಿಯರ್. ಒಂದೇ ಕಡೆ ಇಡುವ ಮೋಟಾರಿನ ಉಪಕರಣಕ್ಕೆ 3.5.

ಹೊರಡುವಾಗ ಮಾವ ಅಮೆರಿಕದ ಒಂದು ವಿಷಯ ಹೇಳಿದರು. ಅಲ್ಲಿ 1897ರಿಂದ ರಾಷ್ಟ್ರೀಯ ವಿದ್ಯುತ್ ಸಂಹಿತೆ ಇದೆ. ತಲೆಗೂದಲು ಒಣಗಿಸುವ ಹೇರ್ ಡ್ರೈಯರ್ ಸ್ನಾನದ ತೊಟ್ಟಿಗೆ ಬಿದ್ದು ಜನ ಸಾಯುತ್ತಿದ್ದರು. ಸಂಹಿತೆಯಲ್ಲೇ ಹೇಳಿದರು, ನೀರಿಗೆ ಬಿದ್ದರೂ ಆಘಾತ ಆಗದ ರಕ್ಷಣೆ ಡ್ರೈಯರಿನಲ್ಲೇ ಇರಬೇಕು ಎಂದು. ಮಾಡುವವರ ಸ್ಟ್ಯಾಂಡರ್ಡೂ ಅದಕ್ಕೆ ತಕ್ಕಂತೆ ಬದಲಾಯಿತು. ಈಗ ಅಲ್ಲಿನ ಡ್ರೈಯರಿನ ಪ್ಲಗ್ಗಿನಲ್ಲೇ ಒಂದು ದಪ್ಪ ಡಬ್ಬಿ ಇರುತ್ತದೆ. ಮನೆಯನ್ನು ನಂಬಲಿಕ್ಕೆ ಆಗದಿದ್ದರೆ ರಕ್ಷಣೆಯನ್ನು ವಸ್ತುವಿನ ಜೊತೆಗೇ ಕಳಿಸಬೇಕು.

ಅದೇ ನನಗೆ ದಾರಿಯಾಯಿತು.

ಶಿರಸಿಗೆ ಬಂದು ಯಂತ್ರ ಬಿಚ್ಚಿದೆ. ಅರ್ಥಿಗೆಂದೇ ಬೇರೆ ಬೋಲ್ಟ್ ವೆಲ್ಡ್ ಮಾಡಿದೆ, ಬಣ್ಣ ಕೆರೆದೆ, ಹಲ್ಲಿನ ವಾಷರ್ ಹಾಕಿದೆ. ವೈರ್ ಒಳಗೆ ಬರುವಲ್ಲಿ ಗಟ್ಟಿ ಹಿಡಿತ ಕೊಟ್ಟೆ. ಇಲ್ಲೊಂದು ವಿಷಯ ನನಗೆ ಬಹಳ ಇಷ್ಟವಾಯಿತು. ಒಳಗೆ ಅರ್ಥ್ ವೈರನ್ನು ಉಳಿದೆರಡಕ್ಕಿಂತ ಉದ್ದ ಬಿಡಬೇಕು. ಯಾರಾದರೂ ಎಳೆದು ವೈರ್ ಕಿತ್ತು ಬಂದರೆ ಮೊದಲು ಫೇಸು, ನ್ಯೂಟ್ರಲ್ ಕೀಳಬೇಕು, ಅರ್ಥ್ ಕೊನೆಗೆ. ಪ್ಲಗ್ಗಿನ ಉದ್ದ ಪಿನ್ನಿನ ಯೋಚನೆಯೇ ಇಲ್ಲೂ ಇದೆ.

ಮೋಟಾರ್ ಬದಲಿಸಿದೆ. ಬಾಯಿ ತೆರೆದ ಮೋಟಾರ್ ಬಿಟ್ಟು ಐಪಿ 55 ತಂದೆ. ಮೊದಲ 5 ಧೂಳಿಗೆ, ಎರಡನೇ 5 ನೀರಿಗೆ. ಸಿಪ್ಪೆಯ ನಾರಿಗೆ ಅದೇ ಬೇಕಿತ್ತು. ಸ್ವಿಚ್ ತೆಗೆದು ಸ್ಟಾರ್ಟರ್ ಹಾಕಿದೆ. ಕರೆಂಟ್ ಹೋಗಿ ಬಂದರೆ ಯಂತ್ರ ತಾನಾಗಿ ತಿರುಗಬಾರದು. ನಮ್ಮ ಕಡೆ ಕರೆಂಟ್ ಹೋದ ಕೂಡಲೇ ಜನ ರೋಲರಿನೊಳಗೆ ಕೈ ಹಾಕಿ ಸಿಕ್ಕಿದ ಸಿಪ್ಪೆ ತೆಗೆಯುತ್ತಾರೆ. ಅಷ್ಟರಲ್ಲಿ ಬಂದುಬಿಟ್ಟರೆ? ಇದು ಯಂತ್ರಗಳ ವಿದ್ಯುತ್ ಸುರಕ್ಷತೆಯ ಸ್ಟ್ಯಾಂಡರ್ಡಿನಲ್ಲಿ ಸ್ಪಷ್ಟವಾಗಿ ಇದೆ. ಇಷ್ಟು ವರ್ಷ ನಾನು ಹಾಕಿರಲಿಲ್ಲ.

ಕೊನೆಗೆ ಪ್ಲಗ್ಗಿನಿಂದ ಒಂದಡಿ ದೂರದಲ್ಲಿ 30 ಮಿಲಿ ಆಂಪಿಯರಿನ ಆರ್‌ಸಿಸಿಬಿಯನ್ನು ಮುಚ್ಚಿದ ಡಬ್ಬಿಯಲ್ಲಿ ಕೂರಿಸಿದೆ. ಯಂತ್ರದ ಮೇಲೆ ಇಟ್ಟರೆ ಅಂಗಳದಲ್ಲಿ ಬಿದ್ದಿರುವ ಉದ್ದ ವೈರಿಗೆ ರಕ್ಷಣೆ ಸಿಗುವುದಿಲ್ಲ. ಆ ವೈರನ್ನೇ ಅಲ್ವಾ ಎಲ್ಲರೂ ತುಳಿಯುವುದು.

ಬಣ್ಣದ ಒಂದು ಮಾತು ಹೇಳಲೇಬೇಕು. ಯಂತ್ರದ ಜೊತೆ ಬರುವ ಬಳ್ಳಿ ವೈರಿನಲ್ಲಿ ಕಂದು ಫೇಸು, ನೀಲಿ ನ್ಯೂಟ್ರಲ್, ಹಸಿರು ಹಳದಿ ಪಟ್ಟೆಯದು ಅರ್ಥ್. ನಮ್ಮ ಹಳೆಯ ತ್ರೀ ಫೇಸ್ ವೈರಿಂಗಿನಲ್ಲಿ ಕೆಂಪು, ಹಳದಿ, ನೀಲಿ ಮೂರೂ ಫೇಸು, ಕಪ್ಪು ನ್ಯೂಟ್ರಲ್. ಅಂದರೆ ಯಂತ್ರದ ನೀಲಿ ನ್ಯೂಟ್ರಲ್, ಗೋಡೆಯ ನೀಲಿ ಫೇಸು! ಇಲ್ಲಿ ಕಟ್ಟಡದ ಪದ್ಧತಿಯೂ ಉಪಕರಣದ ಸ್ಟ್ಯಾಂಡರ್ಡೂ ಬೇರೆ ಬೇರೆ ದಾರಿ ಹಿಡಿದಿವೆ. ಬಣ್ಣ ನೋಡಿ ಬಣ್ಣಕ್ಕೆ ಜೋಡಿಸಿದವರ ಗತಿ ಏನು? ಈಗ ನಾನು ವೈರಿನ ತುದಿಗೆ ಕನ್ನಡದಲ್ಲಿ ಬರೆದ ಚೀಟಿ ಕಟ್ಟಿಯೇ ಕಳಿಸುತ್ತೇನೆ.

ಪರೀಕ್ಷೆ ಮಾಡಿಸಲಿಕ್ಕೆ ಬೆಂಗಳೂರಿಗೆ ಹೋಗಬೇಕಾಯಿತು. ಯಂತ್ರವನ್ನು ಲಾರಿಗೆ ಹಾಕಿ, ನಾನು ರಾತ್ರಿ ಬಸ್ಸಿಗೆ ಹೋದೆ. ಐಎಸ್ಐ ಗುರುತಿಗಾಗಿ ಅಲ್ಲ, ಬರೀ ಪರೀಕ್ಷಾ ವರದಿಗೆ. ನನ್ನದು ಮನೆಯ ಉಪಕರಣ ಅಲ್ಲವಲ್ಲ ಎಂದು ಕೇಳಿದೆ. ಹೊಲ ತೋಟದಲ್ಲಿ ಸಾಮಾನ್ಯ ಜನ ಬಳಸುವ ಉಪಕರಣವೂ ಐಎಸ್ 302ರ ವ್ಯಾಪ್ತಿಗೆ ಬರುತ್ತದೆ ಎಂದು ಅಲ್ಲಿನ ಇಂಜಿನಿಯರ್ ಮೇಡಂ ತೋರಿಸಿದರು.

ಮೊದಲ ಪರೀಕ್ಷೆಯಲ್ಲೇ ನಾನು ಫೇಲ್. 12 ವೋಲ್ಟ್ ಮೀರದ ಮೂಲದಿಂದ 25 ಆಂಪಿಯರ್ ಕರೆಂಟನ್ನು ಅರ್ಥ್ ಬೋಲ್ಟಿನಿಂದ ಯಂತ್ರದ ಪ್ರತಿ ಲೋಹದ ಭಾಗಕ್ಕೆ ಹಾಯಿಸುತ್ತಾರೆ. ತಡೆ 0.1 ಓಮ್ ಮೀರಬಾರದು. ಫ್ರೇಮ್ ಪಾಸಾಯಿತು. ಕಾಯಿ ಸುರಿಯುವ ಬಾಯಿ, ಅಂದರೆ ಆ ಅಕ್ಕನಿಗೆ ಕರೆಂಟ್ ಹೊಡೆದ ಅದೇ ಭಾಗ, 0.34 ತೋರಿಸಿತು. ಅದು ಬಿಜಾಗರಿಯ ಮೇಲೆ ನಿಂತಿತ್ತು, ಬಿಜಾಗರಿಗೆ ಬಣ್ಣ ಹೊಡೆದಿದ್ದೆ. "ಮೀಟರಿನಲ್ಲಿ ನೋಡಿದಾಗ ಬೀಪ್ ಅಂದಿತ್ತು ಮೇಡಂ" ಎಂದೆ. "ಕೈ ಮೀಟರಿನ ಸಣ್ಣ ಕರೆಂಟಿಗೆ ಒಂದು ಕೂದಲೆಳೆ ತಾಗಿದ್ದರೂ ಬೀಪ್ ಅನ್ನುತ್ತದೆ. ನಿಜವಾದ ತಪ್ಪು ಆದಾಗ ಆ ಕೂದಲೆಳೆ ಸುಟ್ಟು ಹೋಗುತ್ತದೆ" ಎಂದರು. ತಾಮ್ರದ ಹೆಣೆದ ಪಟ್ಟಿಯೊಂದನ್ನು ಬಾಯಿಯಿಂದ ಫ್ರೇಮಿಗೆ ಜೋಡಿಸಿದೆ. 0.05ಕ್ಕೆ ಇಳಿಯಿತು.

ಆಮೇಲೆ ತೇವದ ಕೋಣೆ. ಶೇಕಡಾ 93ರಷ್ಟು ತೇವದಲ್ಲಿ 48 ಗಂಟೆ. ನಮ್ಮ ಆಷಾಢದ ಶಿರಸಿಯನ್ನೇ ಒಂದು ಕೋಣೆಯಲ್ಲಿ ಕಟ್ಟಿಟ್ಟ ಹಾಗೆ. ಹೊರಗೆ ತಂದು ಒಂದು ನಿಮಿಷ 1,250 ವೋಲ್ಟ್ ಕೊಟ್ಟರು. ನಾನು ಉಸಿರು ಹಿಡಿದು ನಿಂತಿದ್ದೆ. ತಡೆಯಿತು.

ಸೋರಿಕೆ ಅಳೆಯುವಾಗ ಮೇಡಂ ವೋಲ್ಟೇಜನ್ನು ಮೇಲಕ್ಕೆ ಏರಿಸಿದರು. ಎಷ್ಟು ಎಂದು ಕೇಳಿದೆ. 1.06 ಪಟ್ಟು. ಬಿಸಿಯಾಗುವ ಪರೀಕ್ಷೆ 0.94ರಿಂದ 1.06 ಪಟ್ಟಿನ ಒಳಗೆ. ಮತ್ತೆ ಅದೇ ಆರು! ಕಾರವಾರದ ಹಿತ್ತಲಿನ ತುಕ್ಕು ಹಿಡಿದ ಪಟ್ಟಿ ಕಣ್ಣ ಮುಂದೆ ಬಂತು. ಸೋರಿಕೆ 0.5 ಮಿಲಿ ಆಂಪಿಯರ್ ಬಂತು. ಭಾರದ ಯಂತ್ರವಾದ್ದರಿಂದ 3.5ರವರೆಗೆ ಅವಕಾಶ ಇತ್ತು. ಆದರೆ ನಮ್ಮಲ್ಲಿ ಚಕ್ರ ಹಾಕಿ ಮನೆಯಿಂದ ಮನೆಗೆ ಬಾಡಿಗೆಗೆ ಒಯ್ಯುತ್ತಾರೆ. ಹಾಗಾಗಿ 0.75ರ ಒಳಗೇ ಬರಬೇಕು ಎಂದು ನಾನೇ ಹಟ ಹಿಡಿದಿದ್ದೆ.

ಒಂದು ವಿಷಯದಲ್ಲಿ ಮಾತ್ರ ಸ್ಟ್ಯಾಂಡರ್ಡ್ ನನಗೆ ಸಾಲಲಿಲ್ಲ. ಸುಲಿಯುವ ಕಾಲದಲ್ಲಿ ಸಂಜೆ ಕೆಲವು ಹಳ್ಳಿಗಳಲ್ಲಿ ನಾನೇ 170 ವೋಲ್ಟ್ ನೋಡಿದ್ದೇನೆ. ಶೇಕಡಾ 6ರ ಲೆಕ್ಕ ಅಲ್ಲಿ ನಡೆಯುವುದಿಲ್ಲ. ಅದಕ್ಕೆ ವರ್ಕ್‌ಶಾಪಿನಲ್ಲಿ ವೋಲ್ಟೇಜು ಏರಿಳಿಸುವ ವೇರಿಯಾಕ್ ಇಟ್ಟು 170ರಲ್ಲೂ ಓಡಿಸಿ ನೋಡುತ್ತೇನೆ. ಮೋಟಾರ್ ಕಾದರೆ ಬೀಳುವ ಹಾಗೆ ಓವರ್‌ಲೋಡ್ ಹೊಂದಿಸುತ್ತೇನೆ. ಭಾರತೀಯ ಮಾನಕ ಬ್ಯೂರೋ ಹೊಸ ಕರಡುಗಳನ್ನು ಸಾರ್ವಜನಿಕರ ಅಭಿಪ್ರಾಯಕ್ಕೆ ಬಿಡುತ್ತದೆ. ವೈರಿಂಗ್, ಅರ್ಥಿಂಗ್ ಸಂಹಿತೆಗಳನ್ನು ನೋಡುವುದು ಇಟಿಡಿ 20 ಎಂಬ ಸಮಿತಿ. ನಮ್ಮ ನೆಲ, ನಮ್ಮ ವೋಲ್ಟೇಜು, ನಮ್ಮ ಮಳೆ ಹೇಗಿದೆ ಎಂದು ನಾವು ಬರೆಯದೆ ಅವರಿಗೆ ಹೇಗೆ ತಿಳಿಯಬೇಕು? ಮುಂದಿನ ಕರಡಿಗೆ ಬರೆಯಲು ನಾನು ಅಳತೆಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೇನೆ. ಯಾವ ಊರು, ಯಾವ ತಿಂಗಳು, ಎಷ್ಟು ಓಮ್, ಎಷ್ಟು ವೋಲ್ಟ್.

ಯಂತ್ರದ ಬೆಲೆ ಏರಿತು. ಇಬ್ಬರು ಗಿರಾಕಿಗಳು ಬೇರೆ ಕಡೆ ಹೋದರು. ಹೋಗಲಿ. ಹಳೆಯ ಯಂತ್ರ ಕೊಂಡವರ ಮನೆಗೆಲ್ಲ ಹೋಗಿ ಅರ್ಥ್ ಬೋಲ್ಟ್ ಹಾಕಿ, ಡಬ್ಬಿ ಜೋಡಿಸಿ ಬರುತ್ತಿದ್ದೇನೆ. ಇನ್ನೂ ಒಂಬತ್ತು ಮನೆ ಬಾಕಿ ಇದೆ.

ಸಿದ್ದಾಪುರದ ಮನೆಗೆ ಮೊದಲೇ ಹೋಗಿದ್ದೆ. ಅವರು ದಿಬ್ಬದ ಮೇಲಿನ ಹಳೆಯ ಪೈಪ್ ಬಿಟ್ಟು, ತೋಟದ ಅಂಚಿನ ತಂಪು ಮಣ್ಣಿನಲ್ಲಿ ಹೊಸ ಗುಂಡಿ ತೋಡಿಸಿದ್ದರು. ಎರಡೂವರೆ ಮೀಟರ್ ಪೈಪು, ಸುತ್ತ ಇದ್ದಿಲು, ಉಪ್ಪು. 14 ಓಮ್ ಬಂತು. ಜಗುಲಿಯಲ್ಲಿ 16 ಆಂಪಿಯರಿನ ಸಾಕೆಟ್ ಕೂತಿತ್ತು. ಆರ್‌ಸಿಸಿಬಿಯ ಮೇಲೆ ಟಿ ಎಂಬ ಸಣ್ಣ ಗುಂಡಿ ಇರುತ್ತದೆ, ಅದನ್ನು ಆಗಾಗ ಒತ್ತಿ ನೋಡಬೇಕು ಎಂದು ಅಕ್ಕನಿಗೆ ಹೇಳಿಕೊಟ್ಟು ಬಂದಿದ್ದೆ.

ಹೋದ ತಿಂಗಳು ಬೇರೆ ಕೆಲಸಕ್ಕೆ ಆ ಕಡೆ ಹೋದಾಗ ಒಳಗೆ ಹೊಕ್ಕೆ. ಡಬ್ಬಿ ಹೇಗಿದೆ ಎಂದು ಕೇಳಿದೆ.

"ಪ್ರತಿ ಅಮಾಸೆಗೆ ಒತ್ತಿ ನೋಡ್ತಿ" ಎಂದರು. ಎದ್ದು ಬಂದು ನನ್ನೆದುರಿಗೇ ಒತ್ತಿದರು. ಟಕ್ ಎಂದು ಬಿತ್ತು. ಮೇಲಕ್ಕೆ ಎತ್ತಿ, ಬುಟ್ಟಿ ತೆಗೆದುಕೊಂಡು ಕಾಯಿ ಸುರಿಯಲು ಹೋದರು.